ವಹಿಯಲ್ಲಿ ಇಲ್ಲದ ಹದಿನೇಳು ನಡುಕ

ನಮ್ಮೂರಿನ ಚಹಾದಂಗಡಿಗಳಲ್ಲಿ ಗ್ಲಾಸನ್ನು ಮುಕ್ಕಾಲು ಮಾತ್ರ ತುಂಬಿಸುತ್ತಾರೆ. ಹೊರಗಿನಿಂದ ಬಂದವರು ಇದು ಜಿಪುಣತನ ಎಂದುಕೊಂಡು ಮುಖ ಸಿಂಡರಿಸುತ್ತಾರೆ. ನಾಲ್ಕು ದಿನ ಉಳಿದರೆ ಸಾಕು, ತಾವಾಗಿಯೇ ಮುಕ್ಕಾಲು ಗ್ಲಾಸು ಕೇಳುತ್ತಾರೆ. ಊರಿನಲ್ಲಿ ಯಾರಿಗಾದರೂ ಮೂರ್ಛೆ ಬಂದು ಬಿದ್ದರೆ ಊರಿನ ನೀರೆಲ್ಲ ನಡುಗುತ್ತದೆ. ಕೊಡದ ನೀರು, ಬಾವಿಯ ನೀರು, ದೇವರ ಮುಂದಿನ ತಂಬಿಗೆಯ ನೀರು, ಎಮ್ಮೆ ಕುಡಿಯುವ ತೊಟ್ಟಿಯ ನೀರು, ಯಾವುದಕ್ಕೂ ವಿನಾಯಿತಿ ಇಲ್ಲ. ಬಿದ್ದವರ ಕೈಕಾಲು ಸಡಿಲವಾಗುವವರೆಗೆ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಬಸ್ಸು ಹಳ್ಳದ ಸೇತುವೆ ದಾಟಿದರೆ ಬಾಟಲಿಯಲ್ಲಿರುವುದು ಎಲ್ಲ ಕಡೆ ಇರುವಂಥ ನೀರು.

ನಡುಗಿದಾಗ ಏನು ಮಾಡಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಹತ್ತಿರದ ಪಾತ್ರೆಯ ಬಾಯಿಗೆ ಅಂಗೈ ಮುಚ್ಚಬೇಕು. ಮಾತು ನಿಲ್ಲಿಸಬೇಕು. ನಡುಕ ನಿಂತ ಮೇಲೆ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯಬೇಕು. ಯಾರದು ಎಂದು ಮಾತ್ರ ಕೇಳಬಾರದು. ಹಾಗೆ ಕೇಳಿದವರನ್ನು ನಾನು ಇಪ್ಪತ್ತಾರು ವರ್ಷ ತುಂಬುವವರೆಗೆ ಕಂಡಿರಲಿಲ್ಲ. ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ನೀರು ನಡುಗಿತು. ಮಂಟಪದಲ್ಲಿದ್ದ ಮುನ್ನೂರು ಜನ ಉಸಿರು ಬಿಗಿಹಿಡಿದು ಕುಳಿತರು, ನಿಂತ ಮೇಲೆ ವಾಲಗದವರು ಹಿಂದಿನ ರಾಗವನ್ನೇ ಮುಂದುವರಿಸಿದರು. ಬಿದ್ದವರ ಮರ್ಯಾದೆ ಕಾಯುವುದಕ್ಕೆ ಹಿರಿಯರು ಮಾಡಿಟ್ಟ ಕಟ್ಟಳೆ ಇದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಳ್ಳೆಯ ಮನಸ್ಸು ನನ್ನನ್ನು ಐದು ವರ್ಷ ಒಬ್ಬಳನ್ನೇ ಕೂರಿಸಿತು ಎನ್ನುವುದನ್ನೂ ಹೇಳದೆ ಇರಲಾರೆ.

ನನ್ನ ಹೆಸರು ದುಂಡವ್ವ. ಮೈ ಮಾತ್ರ ಕೋಲಿನಂತಿದೆ, ಹೆಸರಿಟ್ಟ ಅಜ್ಜಿಗೆ ನನ್ನ ಮೇಲೆ ಬಹಳ ಭರವಸೆ ಇದ್ದಿರಬೇಕು. ನಾನು ಈ ಊರಿನ ನೀರಗಂಟಿ. ಅಪ್ಪ ಇದೇ ಕೆಲಸ ಮಾಡುತ್ತಿದ್ದ, ಅವನು ತೀರಿಕೊಂಡ ಮೇಲೆ ಕಚೇರಿಯವರು ನನ್ನನ್ನು ಕರೆದು ಬೀಗದ ಕೈಗಳ ಗೊಂಚಲು ಕೊಟ್ಟರು. ಊರ ನಡುವಿನ ಎತ್ತರದ ನೀರಿನ ಟಾಕಿಗೆ ನಲವತ್ತೆರಡು ಮೆಟ್ಟಿಲಿನ ಕಬ್ಬಿಣದ ಏಣಿ ಇದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಹತ್ತಿ, ಮುಚ್ಚಳ ಎತ್ತಿ, ಒಳಗಿನ ಅಳತೆಪಟ್ಟಿಯಲ್ಲಿ ನೀರಿನ ಮಟ್ಟ ನೋಡಿ ಬರಬೇಕು. ಕೆಳಗಿನ ಕೋಣೆಯಲ್ಲಿ ದಪ್ಪ ವಹಿ. ಅದರಲ್ಲಿ ಮೂರು ಕಾಲಮ್ಮು: ವೇಳೆ, ಮಟ್ಟ, ನಡುಕ. ನೀರು ನಡುಗುವಾಗ ನೋಡಿದ ಮಟ್ಟ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಮೂರನೆಯದು. ಮೇಜಿನ ಮೇಲೆ ಒಂದು ಬಟ್ಟಲು ನೀರು ಇಟ್ಟುಕೊಂಡು, ಹಗಲಿನಲ್ಲಿ ಅದು ಯಾವಾಗ ನಡುಗಿದರೂ ಬರೆಯುವುದು ನನ್ನ ಕೆಲಸ. ನಾನಿಲ್ಲದಾಗ ನಡುಗಿದರೆ ಬಂದ ಮೇಲೆ ಅವರಿವರನ್ನು ಕೇಳಿ ವೇಳೆ ತುಂಬುತ್ತಿದ್ದೆ. ಯಾರದು ಎಂದು ಕೇಳಬಾರದು, ಯಾವಾಗ ಎಂದು ಕೇಳಬಹುದು.

ಆ ಏಣಿ ನನ್ನ ಮತ್ತು ಅವ್ವನ ಅನ್ನ. ಅನ್ನ ಮಾತ್ರವಲ್ಲ, ಅದರ ತುದಿಯಲ್ಲಿ ನಿಂತರೆ ಊರೆಲ್ಲ ಕಾಣುತ್ತದೆ, ಗಾಳಿ ಮುಖಕ್ಕೆ ಹೊಡೆಯುತ್ತದೆ, ಕೆಳಗಿರುವವರು ಯಾರೂ ನನಗೆ ಹೇಳುವವರಲ್ಲ ಅನ್ನಿಸುತ್ತದೆ. ಅದನ್ನು ಬಿಟ್ಟು ಬದುಕುವುದು ನನಗೆ ಬೇಡವಾಗಿತ್ತು.

ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವಳಿಗೆ ಸುಣ್ಣಕ್ಕೆ ನೀರು ಹಾಕಿದಾಗಿನ ವಾಸನೆ ಬಂತು. ಮನೆಯಲ್ಲಿ ಸುಣ್ಣ ಇರಲಿಲ್ಲ. ಎಚ್ಚರವಾದಾಗ ನಾನು ನೆಲದ ಮೇಲಿದ್ದೆ, ನಾಲಿಗೆ ಕಚ್ಚಿಕೊಂಡು ಬಾಯಲ್ಲಿ ರಕ್ತ, ಸೀರೆ ಒದ್ದೆ, ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆಂದು ಅವ್ವ ಕೈಗೆ ತುರುಕಿದ ಬೀಗದ ಗೊಂಚಲು, ಮುಖದ ಮೇಲೆ ಅವ್ವನ ಕಣ್ಣೀರು. ಓಣಿಯಲ್ಲಿ ಎಲ್ಲರೂ ತಂತಮ್ಮ ಕೊಡಕ್ಕೆ ಅಂಗೈ ಮುಚ್ಚಿ ಸುಮ್ಮನೆ ಕುಳಿತಿದ್ದರಂತೆ. ಪಕ್ಕದ ಮನೆಯವರಿಗೆ ನಾನು ದೊಪ್ಪೆಂದು ಬಿದ್ದ ಸದ್ದು ಕೇಳಿಸದೆ ಇರಲಿಲ್ಲ. ಅವರೂ ಬರಲಿಲ್ಲ. ಬಂದರೆ ನಮ್ಮ ಮರ್ಯಾದೆ ಹೋಗುತ್ತದಲ್ಲ! ಅವ್ವ ಯಾರಿಗೂ ಹೇಳದೆ ತಾಯತ ಕಟ್ಟಿಸಿದಳು, ಎರಡು ಊರಿಗೆ ಹರಕೆ ಹೊತ್ತಳು. ಮೂರ್ನಾಲ್ಕು ತಿಂಗಳಿಗೊಮ್ಮೆ ಸುಣ್ಣದ ವಾಸನೆ ಬರುತ್ತಲೇ ಇತ್ತು. ಹೆಚ್ಚಾಗಿ ಮನೆಯಲ್ಲಿ, ಎರಡು ಸಲ ಟಾಕಿಯ ಕೆಳಗಿನ ಕೋಣೆಯಲ್ಲಿ. ಏಣಿಯ ಮೇಲೆ ಒಮ್ಮೆಯೂ ಬಂದಿರಲಿಲ್ಲ, ಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಆ ನಡುಕಗಳನ್ನು ನಾನು ವಹಿಯಲ್ಲಿ ಬರೆಯಲಿಲ್ಲ. ಸುಳ್ಳು ಲೆಕ್ಕ ಬರೆಯುವ ಆಸೆಯಿಂದಲ್ಲ. ಮೊದಲ ಸಲ ತಲೆ ಭಾರವಾಗಿ ಮಲಗಿಬಿಟ್ಟೆ, ಮರುದಿನ ಬರೆಯಲು ಕೂತರೆ ಕೈ ಬರಲಿಲ್ಲ. ನನ್ನದನ್ನು ನಾನೇ ಬರೆದರೆ ಕೆಳಗೆ ಸಹಿ ಹಾಕಿದ ಹಾಗೆ ಅನ್ನಿಸಿತು. ನಮ್ಮ ಮೇಲಿನ ಸಾಹೇಬರು, ಸೆಕ್ಷನ್ ಆಫೀಸರ್ ವಾಮನರಾವ್, ವಾರಕ್ಕೊಮ್ಮೆ ವಹಿ ನೋಡುತ್ತಿದ್ದರು. ಅವರಿಗೆ ಮೂರನೆಯ ಕಾಲಮ್ಮನ್ನು ಕಂಡರೆ ಆಗುತ್ತಿರಲಿಲ್ಲ. "ಈ ನಡುಕದ ಕಾಲಂ ಯಾಕೆ ಬೇಕು? ಮುಂದಿನ ವರ್ಷ ವಹಿ ಅಚ್ಚು ಹಾಕಿಸುವಾಗ ತೆಗೆದುಬಿಡೋಣ" ಎನ್ನುತ್ತಿದ್ದರು. ಇಂಥವರಿಗೆ ನನ್ನ ವಿಷಯ ಗೊತ್ತಾದರೆ ಕೆಲಸ ಉಳಿಯುತ್ತದೆಯೇ? ನಾನು ತುಟಿ ಹೊಲಿದುಕೊಂಡೆ.

ಹೀಗಿರುವಾಗ ಒಂದು ಮಧ್ಯಾಹ್ನ ಮಕ್ತುಂಸಾಬ ತಮ್ಮ ಅಂಗಡಿಯ ನಲ್ಲಿ ಸೋರುತ್ತಿದೆ ಎಂದು ದೂರು ಕೊಡಲು ಬಂದರು. ಅರವತ್ತರ ಆಸುಪಾಸಿನ ದರ್ಜಿ, ಊರ ಅರ್ಧ ಗಂಡಸರ ಅಂಗಿ ಅವರ ಕೈಯದ್ದು. ನಾನು ದೂರು ಬರೆದುಕೊಳ್ಳುವಾಗ ಅವರು ತೆರೆದಿದ್ದ ವಹಿಯ ಮೇಲೆ ಕಣ್ಣಾಡಿಸಿದರು.

"ತಂಗೀ, ಈ ಮಂಗಳವಾರ ಹತ್ತೂವರಿಗೆ ನೀರು ನಡುಗಿತ್ತು. ಇದರಾಗ ಇಲ್ಲಲ್ಲ?"

"ಊಟಕ್ಕ ಹೋಗಿದ್ದೆ ಕಾಕಾ."

"ಹತ್ತೂವರಿಗೆ ಯಾರ ಮನ್ಯಾಗ ಊಟಕ್ಕ ಕುಂಡರತಾರವಾ?" ಎಂದು ನಕ್ಕು ಹೋದರು. ಮರುದಿನ ಮತ್ತೆ ಬಂದರು. ಈ ಸಲ ಬಗಲಲ್ಲಿ ಒಂದು ಬಟ್ಟೆಯ ಸುರುಳಿ ಇತ್ತು. ನಾಲ್ಕು ಬೆರಳಗಲದ ಬಿಳಿ ಪಟ್ಟಿ, ಬಿಡಿಸಿದರೆ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ತಿರುಗಿ ಬರುವಷ್ಟು ಉದ್ದ. ಅದರ ತುಂಬ ಕಪ್ಪು ದಾರದ ಸಣ್ಣ ಹೊಲಿಗೆಯ ಸಾಲುಗಳು, ಒಂದೊಂದರ ಪಕ್ಕದಲ್ಲಿ ತಾರೀಖು, ವೇಳೆ. ನೀರು ನಡುಗಲು ಶುರುವಾದಾಗ ಅವರು ಸೂಜಿ ಚುಚ್ಚುತ್ತಿದ್ದರು, ನಿಂತಾಗ ಗಂಟು ಹಾಕುತ್ತಿದ್ದರು. ಸಾಲು ಎಷ್ಟು ಉದ್ದವೋ ನಡುಕ ಅಷ್ಟು ಹೊತ್ತು.

"ನಿನ್ನ ವಹಿ ಐದು ವರ್ಷದ್ದು ತಗಿ, ಹೊಂದಿಸಿ ನೋಡೂಣು" ಎಂದರು. ಕೊಡುವುದಿಲ್ಲ ಎನ್ನಲು ಕಾರಣ ಸಿಗದೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದು ತಾಸು ಬೆರಳಿಟ್ಟು ನೋಡಿದರು. ನಾನು ಬೀಗ ಒರೆಸುತ್ತ ನಿಂತಿದ್ದೆ, ಒರೆಸಿದ್ದನ್ನೇ ಒರೆಸುತ್ತ.

"ಹದಿನೇಳು" ಎಂದರು ಕಡೆಗೆ. "ನನ್ನ ಪಟ್ಟ್ಯಾಗ ಅದಾವು, ನಿನ್ನ ವಹಿಯಾಗ ಇಲ್ಲ. ಮಂದೀದು ಒಂದೂ ಬಿಟ್ಟಿಲ್ಲ ನೀ. ರಜಾ ಇದ್ದಾಗಿಂದೂ ಕೇಳಿ ಬರದೀದಿ. ಇಷ್ಟು ನಿಯತ್ತಿನಿಂದ ಬರಿಯೂಕಿ ಹದಿನೇಳು ಬಿಟ್ಟಾಳಂದ್ರ, ಬರಿಯೋ ಕೈ ಆವಾಗ ನೆಲದ ಮ್ಯಾಲ ಇತ್ತು ಅಂತಲ್ಲೇನು?"

ಐದು ವರ್ಷದಲ್ಲಿ ಅವ್ವನ ಹೊರತು ಯಾರೂ ಆಡದ ಮಾತು. ಕಟ್ಟಳೆ ಮುರಿದರಲ್ಲ ಈ ಮುದುಕ ಎಂದು ಸಿಟ್ಟು ನೆತ್ತಿಗೇರಿತು. "ನಿಮ್ಮ ನಲ್ಲೀದು ಬರಕೊಂಡೇನ್ರಿ. ನೀವಿನ್ನ ಹೋಗ್ರಿ" ಎಂದೆ.

ಅವರು ಹೋಗಲಿಲ್ಲ. ಸುರುಳಿಯ ಹಳೆಯ ತುದಿಯನ್ನು ಬಿಡಿಸಿ ಮೇಜಿನ ಮೇಲೆ ಹಾಸಿದರು. ಆ ತುದಿಯಲ್ಲಿ ಕಪ್ಪಿನ ನಡುವೆ ಕೆಂಪು ಸಾಲುಗಳಿದ್ದವು, ಬಹಳ ಇದ್ದವು. "ಕೆಂಪು ನಂದು" ಎಂದರು. "ನಾ ಬಿದ್ದಾಗ ನನ್ನ ಮನಿಯಾಕಿ ಹಾಕತಿದ್ಲು, ಈಗ ಆಕಿ ಇಲ್ಲ. ಕಡೀ ಕೆಂಪು ಇದು ನೋಡು. ಹನ್ನೆರಡು ವರ್ಷಾತು. ಗುಳಿಗಿ ತಗೋತೀನಿ, ಮುಂಜಾನಿ ಒಂದು, ಸಂಜೀಕ ಒಂದು."

ಊರಿನಲ್ಲಿ ನಾನೊಬ್ಬಳೇ ಅಲ್ಲ ಎನ್ನುವುದು ನನ್ನ ವಹಿಯಲ್ಲೇ ಪುಟಗಟ್ಟಲೆ ಇತ್ತು, ನನ್ನ ಕೈಯಿಂದಲೇ ಬರೆದದ್ದು. ಆದರೂ ಅವು ನನಗೆ ವೇಳೆಗಳಾಗಿದ್ದವೇ ಹೊರತು ಮನುಷ್ಯರಾಗಿರಲಿಲ್ಲ. ಇವರು ಕಣ್ಣೆದುರು ಕನ್ನಡಕ ಒರೆಸುತ್ತ ಕುಳಿತಿದ್ದರು.

"ನಿಮ್ಮದು ನಿಂತೈತಿ. ಇನ್ನ ಯಾಕ ಹೊಲೀತೀರಿ?" ಎಂದು ಕೇಳಿದೆ.

"ಯಾರೋ ಬಿದ್ದಿರತಾರ. ಕೇಳಬಾರದಂತ ಊರ ಮಂದಿ ಅಂತಾರ. ಆತು, ಕೇಳೂದುಲ್ಲ. ನಾಕ ಹೊಲಿಗಿ ಹಾಕಿದ್ರ ಅವರ ಜೋಡಿ ಕುಂತಂಗ ಆಕ್ಕೈತಿ, ಅಷ್ಟ" ಎಂದರು. ನಾನು ಬಾಗಿಲು ಹಾಕಿಕೊಂಡು ಬಂದು ಅವರ ಮುಂದೆ ಕುಳಿತು ಗೊಳೋ ಎಂದು ಅತ್ತೆ. ಅಳು ನಿಲ್ಲುವವರೆಗೆ ಅವರು ಪಟ್ಟಿ ಸುತ್ತುತ್ತ ಕುಳಿತರು.

ಮಕ್ತುಂಸಾಬರಿಗೆ ಗುಳಿಗೆ ಕೊಡುತ್ತಿದ್ದ ಡಾಕ್ಟರಮ್ಮ ಇದ್ದದ್ದು ಸೇತುವೆಯಾಚೆಗಿನ ದೊಡ್ಡ ಊರಿನಲ್ಲಿ. ಅವ್ವ ಮೊದಲು ಒಪ್ಪಲಿಲ್ಲ. "ಆಸ್ಪತ್ರಿಗೆ ಹೋದ್ರ ಹೆಸರು ಬರಕೋತಾರ, ಮುಂದ ನಿನ್ನ ಲಗ್ನ ಆಕ್ಕೈತೇನು?" ಎಂದಳು. ಮಕ್ತುಂಸಾಬ, "ಅಕ್ಕಾ, ಲಗ್ನ ಆಗಾಕ ಮದಲ ಹುಡುಗಿ ಇರಬೇಕಲ್ಲ" ಎಂದ ಮೇಲೆ ಸೆರಗು ಹೊದ್ದು ಹೊರಟಳು. ಡಾಕ್ಟರಮ್ಮನಿಗೆ ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಇರಲಿಲ್ಲ. "ಎಷ್ಟು ಹೊತ್ತು ಇರುತ್ತೆ?" ಎಂದು ಕೇಳಿದರು. ಅವ್ವ, "ಜೀವ ಹೋಗಿ ಬರೂವಷ್ಟು ಹೊತ್ರಿ" ಎಂದಳು. ಮಕ್ತುಂಸಾಬ ಸದ್ದಿಲ್ಲದೆ ಪಟ್ಟಿ ಬಿಡಿಸಿದರು. ಅದರಲ್ಲಿ ನನ್ನ ಹದಿನೇಳರ ಪಕ್ಕದಲ್ಲಿ ಹೊಸದಾಗಿ ಹಸಿರು ದಾರದ ಗಂಟು ಹಾಕಿದ್ದರು. ಡಾಕ್ಟರಮ್ಮ ಸ್ಕೇಲು ತೆಗೆದು ಅಳೆದರು. "ನಿಮ್ಮ ಊರಿನವರಷ್ಟು ಸರಿಯಾಗಿ ಸಮಯ ಹೇಳುವವರನ್ನ ನಾನು ಎಲ್ಲೂ ನೋಡಿಲ್ಲ" ಎಂದರು.

ತಲೆಗೆ ತಂತಿಗಳನ್ನು ಅಂಟಿಸಿ ಒಂದು ಯಂತ್ರದಿಂದ ಕಾಗದ ತೆಗೆದರು. ಕಾಗದದ ತುಂಬ ನಡುಗುವ ಗೆರೆಗಳು. ನಮ್ಮೂರ ಬಾವಿಯನ್ನು ಮೇಲಿಂದ ಬಗ್ಗಿ ನೋಡಿದರೆ ಹೀಗೆಯೇ ಕಾಣುತ್ತದೆ ಎಂದು ನನಗೆ ನಗು ಬಂತು. ಡಾಕ್ಟರಮ್ಮ ನಗಲಿಲ್ಲ. "ಇದು ಮಿದುಳಿನ ಕಾಯಿಲೆ. ಗಾಳಿಯಲ್ಲ, ಯಾರ ಪಾಪವೂ ಅಲ್ಲ. ಬಹಳ ಜನಕ್ಕೆ ಮಾತ್ರೆಯಿಂದ ಹತೋಟಿಗೆ ಬರುತ್ತೆ. ನೀವಾಗಿ ನೀವು ಒಂದು ದಿನವೂ ನಿಲ್ಲಿಸಬಾರದು. ಬಿದ್ದಾಗ ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಮಗ್ಗುಲಾಗಿ ಮಲಗಿಸಿ, ತಲೆ ಕೆಳಗೆ ಮೆತ್ತಗೆ ಏನಾದರೂ ಇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಕಾಯಬೇಡಿ, ಆಸ್ಪತ್ರೆಗೆ ತನ್ನಿ" ಎಂದರು. ಐದು ನಿಮಿಷ ಅಂದರೆ ಒಂದು ಗೇಣು ಹೊಲಿಗೆ ಎಂದು ಮಕ್ತುಂಸಾಬ ಅಲ್ಲೇ ಲೆಕ್ಕ ಹಾಕಿದರು. ಕಡೆಗೆ ನನ್ನ ಕೆಲಸ ಯಾವುದೆಂದು ಕೇಳಿ, ಏಣಿಯ ವಿಷಯ ಕೇಳಿ, ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಕನಿಷ್ಠ ಒಂದು ವರ್ಷ ಏಣಿ ಹತ್ತಬಾರದು. ಆಫೀಸಿನಲ್ಲಿ ಹೇಳಿ" ಎಂದರು. ನಾನು ತಲೆಯಾಡಿಸಿದೆ.

ಹೇಳಲಿಲ್ಲ. ಮರುದಿನ ಮುಂಜಾನೆ ಮಾತ್ರೆ ನುಂಗಿ ಏಣಿ ಹತ್ತಿದೆ.

ಮೊದಲ ತಿಂಗಳು ಕಷ್ಟವಾಯಿತು. ತಲೆಯಲ್ಲಿ ಹತ್ತಿ ತುಂಬಿದ ಹಾಗೆ, ನಿಂತಲ್ಲಿ ನಿದ್ದೆ. ಒಂದು ದಿನ ಅವ್ವನ ಹೆಸರೇ ಮರೆತುಹೋಯಿತು. ಡಾಕ್ಟರಮ್ಮ ಮಾತ್ರೆ ಬದಲಿಸಿದರು, ಪ್ರಮಾಣ ಹೆಚ್ಚು ಕಡಿಮೆ ಮಾಡಿದರು, ಅಂತೂ ಹದಕ್ಕೆ ಬಂತು. ಆ ದಿನಗಳನ್ನು ದಾಟಿದ್ದು ಗುರುವಾರಗಳಿಂದ. ಪ್ರತಿ ಗುರುವಾರ ಮಧ್ಯಾಹ್ನ ಮಕ್ತುಂಸಾಬರ ಅಂಗಡಿಯಲ್ಲಿ ನಾವು ನಾಲ್ವರು ಸೇರುತ್ತಿದ್ದೆವು. ಹಿಟ್ಟಿನ ಗಿರಣಿಯ ಗುರುಪಾದಪ್ಪ ಮತ್ತು ಶಾಲೆಯ ಅನಸೂಯಾ ಟೀಚರು ನನಗಿಂತ ಮೊದಲೇ ಮಕ್ತುಂಸಾಬರ ಬಲೆಗೆ ಬಿದ್ದವರು. ಕೆಲವು ನಡುಕಗಳಲ್ಲಿ ಮಾತ್ರ ಗಿರಣಿಯ ಸದ್ದು ನಿಂತುಹೋಗುವುದನ್ನು ಲೆಕ್ಕ ಹಾಕಿ ಗುರುಪಾದಪ್ಪನನ್ನು ಹಿಡಿದಿದ್ದರಂತೆ. ಅಲ್ಲಿ ನಾವು ದೊಡ್ಡ ಮಾತು ಆಡುತ್ತಿರಲಿಲ್ಲ. ಎದ್ದ ಮೇಲೆ ಎಷ್ಟು ಹೊತ್ತು ಯಾರ ಗುರುತೂ ಹತ್ತುವುದಿಲ್ಲ, ಒದ್ದೆ ಬಟ್ಟೆಯನ್ನು ಯಾರಿಗೂ ಕಾಣದಂತೆ ಒಗೆಯುವುದು ಹೇಗೆ, ಮಾತ್ರೆ ಮರೆಯದಿರಲು ಡಬ್ಬಿಯನ್ನು ಎಲ್ಲಿಡಬೇಕು, ಇಂಥವು. ಅನಸೂಯಾ ಟೀಚರು ಒಮ್ಮೆ ಹಾಜರಿ ಕರೆಯುತ್ತ ಬಿದ್ದು, ಎದ್ದ ಮೇಲೆ ಅದೇ ಮಗುವಿನ ಹೆಸರಿನಿಂದ ಮುಂದುವರಿಸಿದ್ದನ್ನು ಹೇಳಿದಾಗ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನು ಬೇರೆ ಯಾರಾದರೂ ಹೇಳಿ ನಕ್ಕಿದ್ದರೆ ಹಲ್ಲು ಉದುರಿಸುತ್ತಿದ್ದೆ.

ಪಟ್ಟಿಯಲ್ಲಿ ಹಸಿರು ಗಂಟು ಬೀಳುವುದು ನಿಂತಿತು. ಟೀಚರದ್ದೂ, ಗುರುಪಾದಪ್ಪನದ್ದೂ ಅಪರೂಪವಾಯಿತು. ಆದರೂ ತಿಂಗಳಿಗೆ ಎರಡು ಮೂರು ಸಲ ನೀರು ನಡುಗುತ್ತಲೇ ಇತ್ತು. ಯಾರೋ ಇನ್ನೊಬ್ಬರಿದ್ದರು. ಮಕ್ತುಂಸಾಬ ಆ ಸಾಲುಗಳನ್ನು ಬೆರಳಿನಿಂದ ಅಳೆದು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. "ಹ್ವಾದ ವರ್ಷ ಎಲ್ಡ ಬೆರಳಿತ್ತು. ಈಗ ನಾಕ ಬೆರಳ ಆಗೇತಿ. ಯಾರ ಮನ್ಯಾಗ ಮುಚ್ಚಿಟ್ಟಾರೋ" ಎನ್ನುತ್ತಿದ್ದರು. ಕೇಳಲು ಮಾತ್ರ ಅವರಿಗೂ ಬಾಯಿ ಬರಲಿಲ್ಲ.

ಏಳು ತಿಂಗಳು ನನ್ನ ನೀರು ಅಲುಗಲಿಲ್ಲ. ಇಲ್ಲಿ ನಾನು ಮಾಡಿದ ತಪ್ಪನ್ನು ನಮ್ಮೂರಿನವರಷ್ಟೇ ಮಾಡಲು ಸಾಧ್ಯ. ಬೇರೆ ಊರಿನವರು ಡಾಕ್ಟರನ್ನು ನಂಬುತ್ತಾರೆ ಅಥವಾ ದೇವರನ್ನು ನಂಬುತ್ತಾರೆ, ನಾವು ನೀರನ್ನು ನಂಬುವವರು. ನೀರು ಸುಮ್ಮನಿದೆ ಎಂದರೆ ರೋಗ ಹೋಗಿದೆ ಎಂದೇ ಅರ್ಥ ಎಂದುಕೊಂಡೆ. ವಹಿಯನ್ನು ತೆಗೆದು ನೋಡಿದೆ, ಪಟ್ಟಿಯನ್ನೂ ನೋಡಿದೆ, ಆ ಏಳು ತಿಂಗಳಲ್ಲಿ ಎರಡರಲ್ಲೂ ನಾನಿರಲಿಲ್ಲ. ಗುರುವಾರದ ಗೆಳೆಯರಿಗೂ ಹೇಳದೆ, ಮಾತ್ರೆಯ ಡಬ್ಬಿಯನ್ನು ಅಕ್ಕಿ ಡಬ್ಬಿಯ ಹಿಂದಕ್ಕೆ ಸರಿಸಿದೆ. ನಾಲ್ಕು ದಿನ ಮೈ ಹಗುರಾಗಿ, ನಿದ್ದೆ ಹಾರಿಹೋಗಿ, ನಾನೇ ರಾಣಿ ಅನ್ನಿಸಿತು.

ಐದನೆಯ ದಿನ ಮುಂಜಾನೆ ಟಾಕಿಯ ಮೇಲೆ ಮುಚ್ಚಳ ಎತ್ತಿದೆ. ಅಳತೆಪಟ್ಟಿಯ ಮೇಲೆ ಕಣ್ಣಿಟ್ಟವಳಿಗೆ ಸುಣ್ಣದ ವಾಸನೆ ಬಂತು. ಸುತ್ತ ಗಾಳಿ, ಕೆಳಗೆ ನಲವತ್ತೆರಡು ಮೆಟ್ಟಿಲು, ಮುಂದೆ ತೆರೆದ ಬಾಯಿ. ಮುಚ್ಚಳವನ್ನು ಕಾಲಿನಿಂದ ಒದ್ದು ಮುಚ್ಚಿದ್ದು ನೆನಪಿದೆ. ಸೆರಗನ್ನು ಕಟಕಟೆಯ ಕಂಬಿಗೆ ಸುತ್ತಿ ಗಂಟು ಹಾಕಲು ಹೋದದ್ದು ನೆನಪಿದೆ. ಗಂಟು ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಮುಂದಿನದನ್ನು ನನಗೆ ಹತ್ತು ಜನ ಹತ್ತು ರೀತಿ ಹೇಳಿದ್ದಾರೆ, ಎಲ್ಲರೂ ಒಪ್ಪುವಷ್ಟನ್ನು ಮಾತ್ರ ಹೇಳುತ್ತೇನೆ. ಊರಿನ ನೀರೆಲ್ಲ ನಡುಗಿತು. ಎಲ್ಲರೂ ಅಂಗೈ ಮುಚ್ಚಿ ಸುಮ್ಮನೆ ಕುಳಿತರು. ಮಕ್ತುಂಸಾಬ ಆಗತಾನೆ ಅಂಗಡಿ ತೆರೆದು ಸೂಜಿ ಚುಚ್ಚಿದ್ದರು. ಎರಡು ಬೆರಳು, ನಾಲ್ಕು ಬೆರಳು, ಹೊಲಿಗೆ ಮುಂದೆ ಹೋಗುತ್ತಲೇ ಇತ್ತು. ಗೋಡೆಯ ಗಡಿಯಾರ ನೋಡಿದರು. ನಾನು ಏಣಿ ಹತ್ತುವ ಹೊತ್ತು. ಅವರು ಸೂಜಿ ಬಿಸಾಡಿ ಬರಿಗಾಲಲ್ಲಿ ಬೀದಿಗೆ ಬಂದು, ನಮ್ಮೂರಿನಲ್ಲಿ ಯಾರೂ ಕೇಳದ್ದನ್ನು ಕೇಳಿದರು.

"ಯಾರದು? ಯಾರದ್ರಪಾ ಇದು? ಮಾತಾಡ್ರಿ!"

ಬೀದಿಗೆ ಬೀದಿಯೇ ಕಲ್ಲಾಗಿ ನಿಂತಿತಂತೆ. ಗುರುಪಾದಪ್ಪ ಗಿರಣಿಯಿಂದ ಹೊರಗೆ ಬಂದು, "ನಂದಲ್ಲ, ನಾ ಚೊಲೋ ಅದೀನಿ!" ಎಂದು ಕೂಗಿದ. ಶಾಲೆಯ ಕಡೆಯಿಂದ ಟೀಚರು, "ನಂದೂ ಅಲ್ಲ!" ಎಂದು ಕೂಗಿದರು. ಊರಿಗೆಲ್ಲ ಕೇಳುವಂತೆ, ಮಕ್ಕಳೆದುರಿಗೆ! "ಹಂಗಾರ ದುಂಡವ್ವಂದು! ಟಾಕಿ ಮ್ಯಾಲ ಅದಾಳ! ಓಡ್ರಿ!" ಎಂದರು ಮಕ್ತುಂಸಾಬ. ಚಹಾದಂಗಡಿಯಲ್ಲಿ ಕುಳಿತಿದ್ದ ಇಬ್ಬರು ಗ್ಲಾಸಿನ ಮೇಲಿಂದ ಅಂಗೈ ತೆಗೆದು ಓಡಿ ಏಣಿ ಹತ್ತಿದರು. ಗಂಟು ಬಿದ್ದಿತ್ತು, ಆದರೆ ಸೀರೆ ಹರಿಯುತ್ತಿತ್ತು, ನನ್ನ ಅರ್ಧ ಮೈ ಅಂಚಿನಿಂದ ಹೊರಗಿತ್ತು. ಅವರು ಒಳಗೆಳೆದು ಮಗ್ಗುಲಾಗಿಸಿದರು. "ಬಾಯಾಗ ಏನೂ ಇಡಬ್ಯಾಡ್ರಿ" ಎಂದು ಕೆಳಗಿನಿಂದ ಮುದುಕ ಬಾಯಿ ಬಡಿದುಕೊಳ್ಳುತ್ತಿದ್ದರು. ಆರು ನಿಮಿಷ ಆಯಿತಂತೆ. ಹಗ್ಗ ಕಟ್ಟಿ ಇಳಿಸಿ ನೇರ ಸೇತುವೆಯಾಚೆಗೆ ಒಯ್ದರು. ಡಾಕ್ಟರಮ್ಮ ಚುಚ್ಚುಮದ್ದು ಕೊಟ್ಟು, ಎಚ್ಚರವಾದ ಮೇಲೆ ಬೈದ ಬೈಗುಳ ಮಾತ್ರೆಗಿಂತ ಕಹಿಯಾಗಿತ್ತು.

ಮೂರು ದಿನದ ನಂತರ ಸಾಹೇಬರ ಮುಂದೆ ಬೀಗದ ಗೊಂಚಲು ಇಟ್ಟೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ವಾಮನರಾವ್ ಗೊಂಚಲನ್ನು ಕೈಗೆತ್ತಿಕೊಂಡರು. "ಎಷ್ಟು ವರ್ಷದಿಂದ?" ಎಂದರು. ಹೇಳಿದೆ. "ಮಾತ್ರೆಯಿಂದ ನಿಜವಾಗಲೂ ನಿಂತಿತ್ತೇ?" ಎಂದರು. ನಾನು ಬಿಟ್ಟದ್ದರಿಂದ ಬಂತು, ಬಿಡದಿದ್ದರೆ ಬರುತ್ತಿರಲಿಲ್ಲ ಎಂದೆ. ಅವರು ಕಿಟಕಿಯ ಕಡೆ ತಿರುಗಿ, "ಏಣಿಗೆ ಜವಾನ ಕರಿಯಪ್ಪನನ್ನು ಹಾಕುತ್ತೇನೆ. ಮೇಲಿಂದ ಮಟ್ಟ ಕೂಗುತ್ತಾನೆ, ನೀನು ಬರಿ" ಎಂದರು. ಕೆಲಸ ಉಳಿಯಿತು ಎಂಬ ಗಲಿಬಿಲಿಯಲ್ಲಿ ಅವರ ಪ್ರಶ್ನೆ ಎಂಥದ್ದು ಎಂದು ನಾನು ಯೋಚಿಸಲಿಲ್ಲ. ಕೋಣೆಗೆ ಬಂದು ಪಟ್ಟಿ ನೋಡಿಕೊಂಡು ಹದಿನೇಳನ್ನೂ ವಹಿಯಲ್ಲಿ ತುಂಬಿದೆ, ಹದಿನೆಂಟನೆಯದನ್ನೂ. ಏಣಿಯನ್ನು ನೋಡಿದಾಗ ಈಗಲೂ ಹೊಟ್ಟೆ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಅಂದಿನಿಂದ ಊರಿನಲ್ಲಿ ಒಂದು ಹೊಸ ರೂಢಿ ಬಂತು. ನೀರು ನಡುಗಿದರೆ ಚಹಾದಂಗಡಿಯವರು, ಗಿರಣಿಯವರು, ಶಾಲೆಯ ಮಕ್ಕಳು "ಯಾರದು?" ಎಂದು ಕೂಗುತ್ತಾರೆ. ಹಿರಿಯರು ಕೆಲವರು ಮುಖ ತಿರುಗಿಸಿದರು, ಕಾಲ ಕೆಟ್ಟಿತು ಎಂದರು. ಟೀಚರದ್ದು ಒಮ್ಮೆ ಬಂದಾಗ ಮಕ್ಕಳೇ "ನಮ್ಮ ಟೀಚರದು!" ಎಂದು ಉತ್ತರ ಕೊಟ್ಟರು. ಆದರೆ ಆ ನಾಲ್ಕು ಬೆರಳಿನ ನಡುಕಕ್ಕೆ ಮಾತ್ರ ಯಾರೂ ಉತ್ತರ ಕೊಡುತ್ತಿರಲಿಲ್ಲ. ಕೂಗು ಓಣಿಯಿಂದ ಓಣಿಗೆ ಹೋಗಿ ಖಾಲಿ ಕೈಯಲ್ಲಿ ಮರಳಿ ಬರುತ್ತಿತ್ತು. ಹೊಲಿಗೆ ಐದು ಬೆರಳಾಯಿತು.

ಒಂದು ಮಧ್ಯಾಹ್ನ ಮೇಜಿನ ಮೇಲಿನ ಬಟ್ಟಲು ನಡುಗಿತು. ಗಡಿಯಾರ ನೋಡಿ ವೇಳೆ ಬರೆದೆ. ಹೊರಗೆ ಕೂಗು ಎದ್ದಿತು. ಯಾರದು? ಗಿರಣಿಯಿಂದ ಗುರುಪಾದಪ್ಪನ ಧ್ವನಿ, ದೂರದಿಂದ ಮಕ್ಕಳ ಧ್ವನಿ. ನಾನೂ ಕಿಟಕಿಯಿಂದ ಕೂಗಿದೆ. ಒಂದು ನಿಮಿಷ, ಎರಡು ನಿಮಿಷ, ಎಂದಿನಂತೆ ಮೌನ. ಆಮೇಲೆ ಕಚೇರಿಯ ಹಿಂದಿನ ಕ್ವಾರ್ಟರ್ಸಿನ ಗೇಟು ತೆರೆಯಿತು. ಊಟಕ್ಕೆ ಹೋಗಿದ್ದ ವಾಮನರಾವ್ ಎಂಜಲು ಕೈಯಲ್ಲೇ ಹೊರಗೆ ಬಂದು ನಿಂತಿದ್ದರು.

"ನಮ್ಮದು" ಎಂದರು, ಮೊದಲು ನನಗೂ ಕೇಳಿಸದಷ್ಟು ಮೆಲ್ಲಗೆ. ಆಮೇಲೆ ಇಡೀ ಬೀದಿಗೆ ಕೇಳುವಂತೆ, "ನಮ್ಮದು! ನಮ್ಮ ಮಗಳದು! ಯಾರಾದರೂ ಬನ್ನಿ!"

ನಾನು ಓಡಿದೆ. ಹದಿನಾರರ ಹುಡುಗಿ ಊಟದ ತಟ್ಟೆಯ ಪಕ್ಕದಲ್ಲಿ ಬಿದ್ದಿತ್ತು, ತಾಯಿ ಬೀಗದ ಕೈ ಹಿಡಿದುಕೊಂಡು ಅಳುತ್ತಿದ್ದರು. ನಾನು ತಟ್ಟೆ ಸರಿಸಿ, ಮಗ್ಗುಲಾಗಿಸಿ, ಸೆರಗು ಮಡಚಿ ತಲೆಯ ಕೆಳಗಿಟ್ಟೆ. "ಎಷ್ಟು ಹೊತ್ತಾಯಿತೋ ಗೊತ್ತಿಲ್ಲ, ನಾವು ನೋಡಲಿಲ್ಲ, ನಮಗೆ ಏನೂ ತೋಚಲಿಲ್ಲ" ಎಂದು ಸಾಹೇಬರು ಗೋಡೆ ಹಿಡಿದುಕೊಂಡು ಹೇಳುತ್ತಲೇ ಇದ್ದರು.

"ಅಂಜಬ್ಯಾಡ್ರಿ" ಎಂದೆ. "ನಾವೆಲ್ಲಾ ನೋಡೇವ್ರಿ. ಮೂರು ನಿಮಿಷ ಆಗೇತಿ."

ಬಾಗಿಲಲ್ಲಿ ಮಕ್ತುಂಸಾಬ ಏದುಸಿರು ಬಿಡುತ್ತ ನಿಂತಿದ್ದರು, ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ಸೂಜಿ. ಅವರ ಹಿಂದೆ ಗುರುಪಾದಪ್ಪ, ಅವನ ಹಿಂದೆ ಬೀದಿಯ ಅರ್ಧ ಜನ. ಗೇಣು ತುಂಬಲು ಎರಡು ಬೆರಳು ಬಾಕಿ ಇರುವಾಗ ನೆಲದ ಮೇಲಿದ್ದ ಲೋಟದ ನೀರು ನಿಂತಿತು. ಬಹಳ ಹೊತ್ತಿನ ಮೇಲೆ ಹುಡುಗಿ ಕಣ್ಣು ಬಿಟ್ಟು ಗುಂಪನ್ನು ನೋಡಿ, ನಾಚಿಕೆಯಿಂದ ಮುಖ ಮುಚ್ಚಿ ಅಳತೊಡಗಿತು. ನಾನು ಅದರ ಕೈ ಸರಿಸಿದೆ.

"ನಾಕ ನಿಮಿಷ ಆತು ನಿಂದು" ಎಂದೆ. "ನಂದು ಒಮ್ಮೆ ಆರು ಆಗಿತ್ತು, ಅದೂ ಟಾಕಿ ಮ್ಯಾಲ."

ಹುಡುಗಿ ಅಳು ನಿಲ್ಲಿಸಿ ನನ್ನನ್ನೇ ನೋಡಿತು. "ನಿಮಗೂ ಬರುತ್ತಾ ಅಕ್ಕಾ?" ಎಂದು ಕೇಳಿತು.